0.42: ಒಂದು ಮೂತ್ರದ ವರದಿಯ ಮೇಲೆ ನಿಂತ ಮಸೂದೆ

ಯುದ್ಧದಿಂದ ಮರಳಿದ ಸೈನಿಕರಿಗೆ ಡಿಯು (ಗುಂಡುಗಳಲ್ಲಿ ಬಳಸುವ ಡಿಪ್ಲೀಟೆಡ್ ಯುರೇನಿಯಂ) ಪರೀಕ್ಷೆಯ ಹಕ್ಕು ಕೊಡುವ ಮಸೂದೆಯೊಂದು ಅಮೆರಿಕದ ಒಂದು ರಾಜ್ಯದ ಶಾಸನಸಭೆಯಲ್ಲಿ ಹೇಗೆ ಹುಟ್ಟಿತು, ಎಲ್ಲಿ ಎಡವಿತು, ಕೊನೆಗೆ ಯಾವ ರೂಪದಲ್ಲಿ ಹೊರಬಂತು ಎಂಬುದು ಇಲ್ಲಿನ ವಿಷಯ. ವ್ಯಕ್ತಿ, ರಾಜ್ಯ, ತುಕಡಿ ಯಾವುದೆಂದು ಗುರುತು ಸಿಗಬಾರದೆಂದು ಆ ಕಾಲದ ಹಲವು ಸನ್ನಿವೇಶಗಳನ್ನು ಕಲೆಸಿ ಒಂದೇ ಪ್ರಕರಣವಾಗಿ ಕಟ್ಟಿದೆ. ಸೈನಿಕನ ವಿವರ, ಅವನ ವರದಿಯ ಅಂಕಿ, ಸಮಿತಿಯಲ್ಲಿ ನಡೆದದ್ದು ಹೀಗೆ ಕಟ್ಟಿದವು. ಕಾನೂನುಗಳು, ಪರೀಕ್ಷೆಯ ವಿಧಾನ, ಹೊರಗಿನ ಅಧ್ಯಯನಗಳು ಇದ್ದದ್ದು ಇದ್ದ ಹಾಗೆ. ಸೈನಿಕನನ್ನು ಇಲ್ಲಿ ಮೆಕ್ಯಾನಿಕ್ ಎಂದಷ್ಟೇ ಕರೆದಿದೆ.

ಹಿನ್ನೆಲೆ

ಯುರೇನಿಯಂನಿಂದ ರಿಯಾಕ್ಟರಿಗೂ ಬಾಂಬಿಗೂ ಬೇಕಾದ ಯು-235 ಅಂಶವನ್ನು ಬೇರ್ಪಡಿಸಿದ ಮೇಲೆ ಉಳಿಯುವ ಗಸಿಯೇ ಡಿಪ್ಲೀಟೆಡ್ ಯುರೇನಿಯಂ, ಚಿಕ್ಕದಾಗಿ ಡಿಯು. ನೆಲದಲ್ಲಿ ಸಿಗುವ ಯುರೇನಿಯಂನಲ್ಲಿ ಯು-235 ಶೇ. 0.72 ಇದ್ದರೆ ಡಿಯುನಲ್ಲಿ ಸುಮಾರು ಶೇ. 0.2. ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ಯು-238. ವಿಕಿರಣ ನೈಸರ್ಗಿಕ ಯುರೇನಿಯಂನ ಶೇ. 60ರಷ್ಟು ಮಾತ್ರ, ಆದರೆ ರಾಸಾಯನಿಕ ಗುಣದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಘನ ಸೆಂಟಿಮೀಟರಿಗೆ 19 ಗ್ರಾಂ ತೂಗುತ್ತದೆ, ಸೀಸ 11.3. ಉಕ್ಕಿನ ಕವಚಕ್ಕೆ ಬಡಿದಾಗ ಬೇರೆ ಲೋಹದ ಮೊನೆ ಮೊಂಡಾದರೆ ಇದರ ಮೊನೆ ಅಂಚಿನಿಂದ ಕಳಚಿಕೊಳ್ಳುತ್ತ ಇನ್ನಷ್ಟು ಚೂಪಾಗುತ್ತದೆ. ಹಾಗೆ ಕಳಚಿದ ಪುಡಿ ಗಾಳಿ ತಾಕಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಸೇನೆಗಳಿಗೆ ಇದು ಪ್ರಿಯವಾದದ್ದು ಈ ಎರಡು ಗುಣಗಳಿಂದ. ತಲೆನೋವಾದದ್ದೂ ಇವೇ ಗುಣಗಳಿಂದ.

ಎ-10 ವಿಮಾನದ 30 ಮಿಲಿಮೀಟರ್ ಗುಂಡಿನಲ್ಲಿ ಸುಮಾರು 300 ಗ್ರಾಂ ಡಿಯು ಇರುತ್ತದೆ, ಟ್ಯಾಂಕಿನ 120 ಮಿಲಿಮೀಟರ್ ಗುಂಡಿನಲ್ಲಿ 4ರಿಂದ 5 ಕಿಲೋ. ಗಟ್ಟಿ ಗುರಿಗೆ ಬಡಿದಾಗ ಸಾಮಾನ್ಯವಾಗಿ ಅದರ ಶೇ. 10ರಿಂದ 35ರಷ್ಟು ನುಣ್ಣನೆಯ ಆಕ್ಸೈಡ್ ಧೂಳಾಗುತ್ತದೆ. ಹೊರಗಿನಿಂದ ಈ ವಿಕಿರಣಕ್ಕೆ ಅಂಜಬೇಕಾದ್ದು ಕಡಿಮೆ. ಆಲ್ಫಾ ಕಣವನ್ನು ಚರ್ಮವೇ ತಡೆಯುತ್ತದೆ. ಧೂಳು ಉಸಿರಿನಲ್ಲಿ ಒಳಹೋದರೆ ಲೆಕ್ಕ ಬೇರೆ. ಕರಗುವ ಭಾಗ ರಕ್ತಕ್ಕಿಳಿದು ಮೂತ್ರಪಿಂಡಕ್ಕೆ ಹೋಗುತ್ತದೆ, ಕರಗದ ಭಾಗ ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಕೂರುತ್ತದೆ.

2003ರ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಇರಾಕಿನಿಂದ ಬರುವವರಿಗಾಗಿ ಒಂದು ವೈದ್ಯಕೀಯ ನೀತಿ ಹೊರಡಿಸಿತು. ಅದರಲ್ಲಿ ಮೂರು ದರ್ಜೆ. ಗುಂಡು ಬಡಿದ ಗಳಿಗೆಯಲ್ಲಿ ವಾಹನದೊಳಗೋ ಪಕ್ಕದಲ್ಲೋ ಇದ್ದವರು, ತಕ್ಷಣ ಒಳನುಗ್ಗಿ ಗಾಯಾಳುಗಳನ್ನು ಎಳೆದವರು ಮೊದಲ ದರ್ಜೆ. ಕೆಲಸದ ಭಾಗವಾಗಿ ಪದೇಪದೇ ಹಾಳಾದ ವಾಹನಗಳ ಒಳಹೊಕ್ಕವರು ಎರಡನೆಯದು. ಅಪ್ಪಿತಪ್ಪಿ ಧೂಳಿಗೆ ಒಡ್ಡಿಕೊಂಡವರು ಮೂರನೆಯದು. ಮೊದಲೆರಡಕ್ಕೆ ಮೂತ್ರ ಪರೀಕ್ಷೆ ಕಡ್ಡಾಯ. ಮೂರನೆಯವರಿಗೆ ವೈದ್ಯರು ಬೇಕೆಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸಮಸ್ಯೆ

ನಮ್ಮ ಮೆಕ್ಯಾನಿಕ್ ರಾಜ್ಯಗಳ ಅರೆಕಾಲಿಕ ಸೇನೆಯಾದ ನ್ಯಾಷನಲ್ ಗಾರ್ಡ್‌ನವನು. 2003ರ ಬೇಸಿಗೆಯಲ್ಲಿ ದಕ್ಷಿಣ ಇರಾಕಿನ ಹೆದ್ದಾರಿಯೊಂದರಲ್ಲಿ ಸುಟ್ಟ ವಾಹನಗಳನ್ನು ಸರಪಳಿ ಹಾಕಿ ಎಳೆದು ಬದಿಗೆ ಸರಿಸುವುದು ಅವನ ತಂಡದ ಕೆಲಸ. ಕೊಂಡಿ ಸಿಕ್ಕಿಸಲು ಎರಡು ಮೂರು ಟ್ಯಾಂಕುಗಳ ಮೇಲೆ ಹತ್ತಿದ್ದ, ಒಂದರ ಒಳಗೂ ಇಳಿದಿದ್ದ. ಮುಖಕ್ಕೆ ಕಟ್ಟಿದ್ದು ಬಟ್ಟೆ. ಮರಳುವಾಗ ತುಂಬಿಸಿದ ಪ್ರಶ್ನಾವಳಿಯಲ್ಲಿ ಅವನಿಗೆ ಕಂಡದ್ದು ವಾಹನಕ್ಕೆ ಗುಂಡು ಬಡಿದಾಗ ನೀವು ಅದರಲ್ಲಿದ್ದಿರಾ ಎಂಬ ಸಾಲು. ಇರಲಿಲ್ಲ. ಇಲ್ಲ ಎಂದು ಗುರುತು ಹಾಕಿದ. ಅಲ್ಲಿಗೆ ಅವನು ಮೂರನೆಯ ದರ್ಜೆಗೆ ಬಿದ್ದ. ಎಷ್ಟು ವಾಹನ, ಎಷ್ಟು ನಿಮಿಷ, ಒಳಗೋ ಹೊರಗೋ ಎಂದು ಯಾರೂ ಬರೆದುಕೊಳ್ಳಲಿಲ್ಲ. ಆ ವಾಹನಗಳಿಗೆ ಬಡಿದದ್ದು ಡಿಯುವೋ ಇನ್ನೊಂದು ಭಾರ ಲೋಹವಾದ ಟಂಗ್‌ಸ್ಟನ್ನೋ ಎಂಬುದಕ್ಕೂ ದಾಖಲೆಯಿಲ್ಲ. ಈ ಪ್ರಕರಣದಲ್ಲಿ ಮುಂದೆ ಆದ ಗೊಂದಲದ ಮುಕ್ಕಾಲು ಪಾಲು ಈ ಖಾಲಿ ಕಾಲಂಗಳಿಂದಲೇ ಹುಟ್ಟಿದ್ದು.

ಎರಡು ವರ್ಷ ಕಳೆದರೂ ತಲೆನೋವು, ಸುಸ್ತು ಹೋಗಲಿಲ್ಲ. ಪರೀಕ್ಷೆ ಕೇಳಿದಾಗ ನಿಮ್ಮ ದರ್ಜೆಗೆ ಅಗತ್ಯವಿಲ್ಲ ಎಂಬ ಉತ್ತರ ಬಂತು. 2005ರ ಕೊನೆಯಲ್ಲಿ ತನ್ನದೇ ದುಡ್ಡಿನಲ್ಲಿ ಒಂದು ಖಾಸಗಿ ಲ್ಯಾಬಿಗೆ ಹೋದ. ಅವರು ಒಂದು ಹೊತ್ತಿನ ಮೂತ್ರ ತೆಗೆದುಕೊಂಡು ಒಂದೇ ಸಾಲಿನ ವರದಿ ಕೊಟ್ಟರು: ಒಂದು ಗ್ರಾಂ ಕ್ರಿಯಾಟಿನಿನ್‌ಗೆ 0.42 ಮೈಕ್ರೊಗ್ರಾಂ ಯುರೇನಿಯಂ. ಕ್ರಿಯಾಟಿನಿನ್ ಎಂದರೆ ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೋಗುವ ತ್ಯಾಜ್ಯ, ಮೂತ್ರ ಎಷ್ಟು ತೆಳುವಾಗಿದೆ ಎಂಬುದಕ್ಕೆ ಅದೇ ಅಳತೆಗೋಲು. ಅಮೆರಿಕದ ಸಾಮಾನ್ಯ ಜನರಲ್ಲಿ ನೂರಕ್ಕೆ 95 ಮಂದಿಯ ಮಟ್ಟ 0.05ರ ಒಳಗಿರುತ್ತದೆ. ಇವನದು ಎಂಟು ಪಟ್ಟು ಮೇಲೆ.

ಸ್ಥಳೀಯ ಪತ್ರಿಕೆಗೆ ಇಷ್ಟು ಸಾಕಾಯಿತು. ಜನವರಿ ಅಧಿವೇಶನದಲ್ಲಿ ಅವನ ಕ್ಷೇತ್ರದ ಪ್ರತಿನಿಧಿ ಮಸೂದೆ ತಂದರು.

ಮಾಡಿ ನೋಡಿದ್ದು

ಮೊದಲ ಕರಡು ಒಂದೂವರೆ ಪುಟ. ರಾಜ್ಯದ ಪ್ರತಿ ಯೋಧನಿಗೂ ಡಿಯು ಪರೀಕ್ಷೆಯ ಹಕ್ಕುಂಟು, ಸೇನೆ ಅದನ್ನು ಮಾಡಿಸತಕ್ಕದ್ದು ಎಂಬುದು ಅದರ ಸಾರ. ಕರಡು ತಿದ್ದುವ ಕಚೇರಿಯ ವಕೀಲೆ ಅದನ್ನು ಅಲ್ಲಿಂದಲೇ ವಾಪಸು ಕಳಿಸಿದರು. ನ್ಯಾಷನಲ್ ಗಾರ್ಡ್ ಮನೆಯಲ್ಲಿದ್ದಾಗ ರಾಜ್ಯಪಾಲರ ಕೈಕೆಳಗೆ, ಹೊರದೇಶದ ಯುದ್ಧಕ್ಕೆ ಕರೆದಾಗ ಒಕ್ಕೂಟ ಸರ್ಕಾರದ ಕೈಕೆಳಗೆ. ರಕ್ಷಣಾ ಇಲಾಖೆ ಇಂಥದ್ದು ಮಾಡತಕ್ಕದ್ದು ಎಂದು ರಾಜ್ಯದ ಶಾಸನಸಭೆ ಬರೆದರೆ ಅದು ಹಾರೈಕೆಯಾಗುತ್ತದೆಯೇ ಹೊರತು ಕಾನೂನಾಗುವುದಿಲ್ಲ. ರಾಜ್ಯ ಅಪ್ಪಣೆ ಕೊಡಬಹುದಾದ್ದು ತನ್ನ ಗಾರ್ಡ್ ಪಡೆಯ ಮುಖ್ಯಸ್ಥನಾದ ಅಡ್ಜುಟಂಟ್ ಜನರಲ್‌ಗೆ, ತನ್ನ ನಿವೃತ್ತ ಯೋಧರ ಇಲಾಖೆಗೆ. ಹಾಗಾಗಿ ಎರಡನೆಯ ಕರಡಿನಲ್ಲಿ ಕ್ರಿಯಾಪದ ಬದಲಾಯಿತು. 'ಪರೀಕ್ಷೆ ಮಾಡತಕ್ಕದ್ದು' ಹೋಗಿ 'ಪರೀಕ್ಷೆ ಪಡೆಯಲು ನೆರವಾಗತಕ್ಕದ್ದು' ಬಂತು.

ಅಷ್ಟರಲ್ಲಿ ಲೂಸಿಯಾನ ಮತ್ತು ಕನೆಕ್ಟಿಕಟ್ ರಾಜ್ಯಗಳು 2005ರಲ್ಲೇ ಇಂಥ ಕಾನೂನು ಮಾಡಿದ್ದವು. ಹಲವು ರಾಜ್ಯಗಳಲ್ಲಿ ಸುತ್ತಾಡುತ್ತಿದ್ದ ಮಾದರಿ ವಾಕ್ಯವನ್ನೇ ಇಲ್ಲೂ ಎತ್ತಿಕೊಂಡರು: ಕಡಿಮೆ ಪ್ರಮಾಣದ ಡಿಯುವನ್ನೂ ಪತ್ತೆಹಚ್ಚಬಲ್ಲ ಸೂಕ್ಷ್ಮ ವಿಧಾನ, ಜೊತೆಗೆ ನೈಸರ್ಗಿಕ ಯುರೇನಿಯಂಗೂ ಡಿಯುಗೂ ಇರುವ ಐಸೊಟೋಪ್ (ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣು) ಅನುಪಾತದ ವ್ಯತ್ಯಾಸವನ್ನು ಬಿಡಿಸಿ ಹೇಳಬಲ್ಲ ಉಪಕರಣ. ಸಮಿತಿಯಲ್ಲಿ ಯಾರಿಗೂ ಇದು ಮುಖ್ಯವೆನಿಸಲಿಲ್ಲ. ಲ್ಯಾಬಿನವರ ಪರಿಭಾಷೆ, ಇರಲಿ ಬಿಡಿ ಎಂದು ದಾಟಿಸಿದರು. ಮಸೂದೆಯ ಜೀವ ಇದ್ದದ್ದು ಈ ಸಾಲಿನಲ್ಲೇ.

ಯಾಕೆಂದರೆ ಯುರೇನಿಯಂ ಎಲ್ಲರ ದೇಹದಲ್ಲೂ ಇದೆ. ಅನ್ನ ನೀರಿನ ಜೊತೆ ದಿನಕ್ಕೆ ಒಂದೆರಡು ಮೈಕ್ರೊಗ್ರಾಂ ಒಳಹೋಗುತ್ತದೆ. ಒಟ್ಟು ಮೊತ್ತ ಎಷ್ಟೇ ಬರಲಿ, ಅದು ಎಲ್ಲಿಂದ ಬಂತೆಂದು ಅದು ಹೇಳದು. ಹೇಳುವುದು ಯು-235 ಮತ್ತು ಯು-238ರ ಅನುಪಾತ. ನೈಸರ್ಗಿಕವಾದರೆ 0.00725, ಡಿಯು ಆದರೆ ಸುಮಾರು 0.002. ಅರ್ಧಕ್ಕರ್ಧ ಬೆರೆತರೆ 0.0046. ಹತ್ತರಲ್ಲೊಂದು ಪಾಲು ಮಾತ್ರ ಡಿಯು ಇದ್ದರೆ 0.0067. ಅಂದರೆ ಉಪಕರಣ 0.0067ನ್ನೂ 0.0072ನ್ನೂ ಬೇರೆಬೇರೆ ಎಂದು ಕಾಣಬಲ್ಲದಾಗಿರಬೇಕು. ಲೀಟರಿಗೆ 10 ನ್ಯಾನೊಗ್ರಾಂ ಯುರೇನಿಯಂ ಇರುವ ಮೂತ್ರದಲ್ಲಿ ಯು-235 ಬರೀ 70 ಪಿಕೊಗ್ರಾಂ. ಇಷ್ಟನ್ನು ಅಳೆಯುವುದು ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಐಸಿಪಿ-ಎಂಎಸ್ ಯಂತ್ರಗಳೆಲ್ಲದರಿಂದ ಆಗುವ ಮಾತಲ್ಲ. ಹಲವು ಐಸೊಟೋಪ್ ಒಟ್ಟಿಗೇ ಎಣಿಸುವ ಬಹು-ಸಂಗ್ರಾಹಕದಂಥ ಹೆಚ್ಚು ಸೂಕ್ಷ್ಮದ ಯಂತ್ರ ಬೇಕು, ಅದಕ್ಕೆ ತಕ್ಕ ಶುದ್ಧ ಕೋಣೆ ಬೇಕು, ಪ್ರತಿ ಸರಣಿಯ ಜೊತೆಗೂ ಮೂತ್ರವಿಲ್ಲದ ಖಾಲಿ ಮಾದರಿ ಓಡಿಸಬೇಕು.

ಸಮಿತಿಯ ಒಬ್ಬ ಸದಸ್ಯರು, ವೃತ್ತಿಯಲ್ಲಿ ಔಷಧ ವಿತರಕರು, ಒಂದು ಸರಳ ಪ್ರಶ್ನೆ ಕೇಳಿದರು. 0.42ರ ವರದಿಯಲ್ಲಿ ಅನುಪಾತದ ಸಾಲು ಎಲ್ಲಿ? ಇರಲಿಲ್ಲ. ಖಾಸಗಿ ಲ್ಯಾಬ್ ಒಟ್ಟು ಮೊತ್ತವನ್ನಷ್ಟೇ ಅಳೆದಿತ್ತು. ಮಸೂದೆ ಯಾವ ಪರೀಕ್ಷೆಯನ್ನು ಕಡ್ಡಾಯ ಮಾಡಹೊರಟಿತ್ತೋ ಆ ಪರೀಕ್ಷೆ ಅದಕ್ಕೆ ಆಧಾರವಾದ ಮನುಷ್ಯನಿಗೇ ಆಗಿರಲಿಲ್ಲ.

ಮತ್ತೆ ಮಾಡಿಸುವುದೆಂದಾಯಿತು, ಈ ಸಲ ಕ್ರಮವಾಗಿ. ಬೆಳಗಿನ ಮೊದಲ ಮೂತ್ರ ಚೆಲ್ಲಿ, ಅಲ್ಲಿಂದ ಮರುದಿನ ಅದೇ ಹೊತ್ತಿನವರೆಗೆ 24 ಗಂಟೆಯದ್ದೆಲ್ಲ ಒಂದೇ ಪಾತ್ರೆಗೆ. ಪಾತ್ರೆ ಆಮ್ಲದಲ್ಲಿ ತೊಳೆದ ಪಾಲಿಥಿನ್‌ನದು. ಗಾಜು ಬೇಡ, ಗಾಜಿನಿಂದಲೇ ಯುರೇನಿಯಂ ಜಿನುಗಬಹುದು. ಕೆಲಸದ ಬಟ್ಟೆಯಲ್ಲಿ, ಗ್ಯಾರೇಜಿನಲ್ಲಿ ಹಿಡಿಯಬಾರದು, ಧೂಳಿನ ಒಂದು ಕಣ ಸಾಕು ಲೆಕ್ಕ ಕೆಡಲು. ಸಂಗ್ರಹ ಅರ್ಧಕ್ಕೆ ನಿಂತಿತೋ ಎಂದು ತಿಳಿಯಲು ಕ್ರಿಯಾಟಿನಿನ್ ಒಟ್ಟು ಪ್ರಮಾಣ ನೋಡುತ್ತಾರೆ. ಅವನದು 1.6 ಗ್ರಾಂ ಬಂತು, ವಯಸ್ಕ ಗಂಡಸಿಗೆ ಸರಿಯಾದ್ದೇ.

ಫಲಿತಾಂಶ ಫೆಬ್ರವರಿ ಕೊನೆಗೆ ಬಂತು. ಒಟ್ಟು ಯುರೇನಿಯಂ 0.43, ಹಿಂದಿನದಕ್ಕೆ ಹೊಂದುತ್ತಿತ್ತು. ಅನುಪಾತ 0.0072.

ನೈಸರ್ಗಿಕ. ಪೂರ್ತಿ ನೈಸರ್ಗಿಕ.

ತಿರುವು

ಅವನ ಮನೆಗೆ ಕೊಳವೆಬಾವಿಯ ನೀರು. ಗ್ರಾನೈಟ್ ಬಂಡೆಯ ಪ್ರದೇಶ. ನೀರು ಪರೀಕ್ಷಿಸಿದಾಗ ಲೀಟರಿಗೆ 38 ಮೈಕ್ರೊಗ್ರಾಂ ಯುರೇನಿಯಂ ಸಿಕ್ಕಿತು. ಲೆಕ್ಕ ಹಾಕಿ ನೋಡಿ: ದಿನಕ್ಕೆ 1.2 ಲೀಟರ್ ಕುಡಿದರೆ ಸುಮಾರು 46 ಮೈಕ್ರೊಗ್ರಾಂ ಹೊಟ್ಟೆಗೆ. ಕರುಳು ಹೀರುವುದು ಅದರಲ್ಲಿ ಶೇ. 1ರಿಂದ 2. ಶೇ. 1.5 ಎಂದಿಟ್ಟುಕೊಂಡರೆ 0.7 ಮೈಕ್ರೊಗ್ರಾಂ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ. 1.6 ಗ್ರಾಂ ಕ್ರಿಯಾಟಿನಿನ್‌ನಿಂದ ಭಾಗಿಸಿದರೆ 0.43. ಇಷ್ಟು ಅಚ್ಚುಕಟ್ಟಾಗಿ ಕೂಡಿಬರುವುದು ಅಪರೂಪ.

ಮಸೂದೆ ತಂದ ಪ್ರತಿನಿಧಿಯ ಕಚೇರಿಯಲ್ಲಿ ಆ ವಾರ ಮೂರು ದಾರಿಗಳ ಚರ್ಚೆ ನಡೆಯಿತು. ಮಸೂದೆ ವಾಪಸು ತೆಗೆದುಕೊಳ್ಳುವುದು ಒಂದು. ವರದಿಯ ಸುದ್ದಿ ಎತ್ತದೆ ಮುಂದುವರಿಯುವುದು ಇನ್ನೊಂದು, ಅದು ಗಂಭೀರವಾಗಿಯೇ ಚರ್ಚೆಯಾಯಿತು. ಮೂರನೆಯದು, ವರದಿಯನ್ನು ಸಮಿತಿಯ ಮುಂದಿಟ್ಟು ಮಸೂದೆಯ ವಾದವನ್ನೇ ಬದಲಿಸುವುದು. ಕೊನೆಗೆ ಆದದ್ದು ಮೂರನೆಯದು, ಅದೂ ಮೆಕ್ಯಾನಿಕ್‌ನ ಹಟದಿಂದ. ತನ್ನ ದೇಹದಲ್ಲಿ ಡಿಯು ಇಲ್ಲವೆಂದು ತಿಳಿಯಲು ತನಗೆ ಎರಡೂವರೆ ವರ್ಷ, ಎರಡು ಲ್ಯಾಬ್ ಬೇಕಾಯಿತು, ಇದನ್ನೇ ಹೇಳುತ್ತೇನೆ ಎಂದ.

ಈ ನಿರ್ಧಾರವೇ ಮಸೂದೆಯನ್ನು ಉಳಿಸಿತು. ಅದುವರೆಗೆ ವಾದವಿದ್ದದ್ದು ಸೈನಿಕರಿಗೆ ಡಿಯುನಿಂದ ಕಾಯಿಲೆ ಬಂದಿದೆ, ಆದ್ದರಿಂದ ಪರೀಕ್ಷೆ ಕೊಡಿ ಎಂದು. ಆ ವಾದಕ್ಕೆ ವಿರೋಧಿಗಳ ಬಳಿ ಸಿದ್ಧ ಉತ್ತರವಿತ್ತು. 1991ರ ಯುದ್ಧದಲ್ಲಿ ತಮ್ಮವರದೇ ಗುಂಡಿಗೆ ಸಿಕ್ಕಿ ದೇಹದಲ್ಲಿ ಡಿಯು ಚೂರುಗಳನ್ನು ಹೊತ್ತವರನ್ನು ಬಾಲ್ಟಿಮೋರ್‌ನ ನಿವೃತ್ತ ಯೋಧರ ಆಸ್ಪತ್ರೆ 1990ರ ದಶಕದಿಂದಲೇ ಎರಡೆರಡು ವರ್ಷಕ್ಕೊಮ್ಮೆ ತಪಾಸಿಸುತ್ತಿದೆ. ಅವರ ಮೂತ್ರದಲ್ಲಿ ಯುರೇನಿಯಂ ಏರಿಯೇ ಇದೆ, ಮೂತ್ರಪಿಂಡಕ್ಕೆ ಗಂಭೀರ ಹಾನಿ ಕಂಡಿಲ್ಲ. ಹೊಸ ವಾದ ಈ ಉತ್ತರದ ದಾರಿಗೇ ಹೋಗಲಿಲ್ಲ. ಕಾಯಿಲೆ ಇದೆಯೋ ಇಲ್ಲವೋ, ಸರಿಯಾದ ಪರೀಕ್ಷೆ ಸಿಗದವನಿಗೆ ಎರಡೂ ತಿಳಿಯುವುದಿಲ್ಲ. ಇದಕ್ಕೆ ಮಾರುತ್ತರ ಕೊಡುವುದು ಕಷ್ಟ.

ಇನ್ನೊಂದು ಮೂತ್ರದ ವರದಿಯೂ ಸಮಿತಿಯ ಮುಂದೆ ಬಂತು. ಮೆಕ್ಯಾನಿಕ್‌ನ ತಂಡದ ಮತ್ತೊಬ್ಬನದು, ಬೇರೆ ಲ್ಯಾಬಿನದು. ಒಟ್ಟು 0.008, ಕೆಳಗೆ 'ಡಿಯು ಪತ್ತೆಯಾಗಿಲ್ಲ' ಎಂಬ ಒಕ್ಕಣೆ. ವಿಚಾರಿಸಿದಾಗ ಗೊತ್ತಾದದ್ದೇನೆಂದರೆ ಅಷ್ಟು ಕಡಿಮೆ ಮೊತ್ತದಲ್ಲಿ ಅನುಪಾತ ಅಳೆಯಲು ಅವರ ಯಂತ್ರಕ್ಕೆ ಆಗಿಯೇ ಇರಲಿಲ್ಲ. ಅಳೆಯಲಾಗಲಿಲ್ಲ ಎನ್ನುವುದೇ ಇಲ್ಲ ಎಂದಾಗಿ ಕಾಗದಕ್ಕಿಳಿದಿತ್ತು. ಇದರಿಂದ ಹುಟ್ಟಿದ್ದು ಒಂದು ಉಪಕಲಂ: ವರದಿಯಲ್ಲಿ ಒಟ್ಟು ಮೊತ್ತ, ಅನುಪಾತ, ಅದರ ಅನಿಶ್ಚಿತತೆ, ಪತ್ತೆಮಿತಿ (ಯಂತ್ರ ಕಾಣಬಲ್ಲ ಅತಿ ಕಡಿಮೆ ಪ್ರಮಾಣ) ನಾಲ್ಕೂ ಇರಬೇಕು. ಅನುಪಾತ ಅಳೆಯಲಾಗದಿದ್ದರೆ ಹಾಗೆಂದೇ ಬರೆಯಬೇಕು. ಮಾದರಿ ಮಸೂದೆಯಲ್ಲಿ ಇದು ಇರಲಿಲ್ಲ, ಇಡೀ ಕಾನೂನಿನಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದೂ ಇದೇ.

ಹಣದ ಸಮಿತಿಯಲ್ಲಿ ಸೋತದ್ದು

ಹಣಕಾಸು ಸಮಿತಿಗೆ ಹೋದಾಗ ಮಾದರಿ ಮಸೂದೆಯ ಇನ್ನೊಂದು ಸಾಲು ತಾನಾಗಿ ಬಂದು ಸೇರಿಕೊಂಡಿತು: ಈ ಪರೀಕ್ಷೆಗೆ ರಾಜ್ಯದ ಹಣ ಬಳಸತಕ್ಕದ್ದಲ್ಲ. ಹಲವು ರಾಜ್ಯಗಳಲ್ಲಿ ಇಂಥ ಮಸೂದೆಗಳು ಸಲೀಸಾಗಿ ನಡೆದದ್ದರ ಗುಟ್ಟು ಈ ಸಾಲು. ಖರ್ಚಿಲ್ಲದ ಹಕ್ಕಿಗೆ ವಿರುದ್ಧ ಮತ ಹಾಕುವವರು ಯಾರು? ಪರಿಣಾಮ ಮಾತ್ರ ನೇರವಾದ್ದು. ಸೈನಿಕ ಅರ್ಜಿ ಕೊಡುತ್ತಾನೆ, ರಾಜ್ಯದ ಕಚೇರಿ ಅದನ್ನು ಒಕ್ಕೂಟದ ಆಸ್ಪತ್ರೆಗೆ ಕಳಿಸುತ್ತದೆ, ಆಸ್ಪತ್ರೆ ದರ್ಜೆ ನೋಡುತ್ತದೆ. ಮೂರನೆಯ ದರ್ಜೆಯವನು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತಾನೆ.

ಪ್ರತಿನಿಧಿ ಈ ಸಾಲನ್ನು ತೆಗೆಸಲು ಹೋಗಲಿಲ್ಲ. ಹೋಗಿದ್ದರೆ ಮಸೂದೆ ಸಾಯುತ್ತಿತ್ತೇನೋ. ಬದಲಿಗೆ ಅರ್ಜಿ ನಮೂನೆಯನ್ನೇ ಕಾನೂನಿಗೆ ಅನುಬಂಧವಾಗಿ ಸೇರಿಸಿಕೊಂಡರು. ಅದರಲ್ಲಿ ಇದ್ದೆಯಾ ಇಲ್ಲವಾ ಎಂಬ ಪ್ರಶ್ನೆಯ ಜಾಗದಲ್ಲಿ ಹಾಳಾದ ವಾಹನಗಳನ್ನು ಎಷ್ಟು ಸಲ ಹತ್ತಿದಿರಿ, ಒಳಗೆ ಎಷ್ಟು ಹೊತ್ತು, ಮುಖವಾಡ ಯಾವುದು, ವಾಹನ ಸುಟ್ಟು ಎಷ್ಟು ದಿನವಾಗಿತ್ತು ಎಂಬ ಪ್ರಶ್ನೆಗಳು ಬಂದವು. ಈ ನಮೂನೆ ತುಂಬಿಸಿದವರಲ್ಲಿ ಕೆಲವರು ಕೆಲಸದ ಭಾಗವಾಗಿ ಪದೇಪದೇ ಒಳಹೊಕ್ಕವರೆಂದು ಕಾಗದದ ಮೇಲೆ ತೋರಿಬಂದು ಎರಡನೆಯ ದರ್ಜೆಗೆ ಏರಿದರು. ಎರಡನೆಯ ದರ್ಜೆಗೆ ಪರೀಕ್ಷೆ ಒಕ್ಕೂಟದ ಖರ್ಚಿನಲ್ಲೇ ಕಡ್ಡಾಯ. ಹಣವಿಲ್ಲದ ಕಾನೂನು ಬೇರೆಯವರ ನಿಯಮದ ಬಾಗಿಲಲ್ಲಿ ಕಾಲಿಟ್ಟು ನಿಂತದ್ದು ಹೀಗೆ.

ಕಾನೂನಿನ ಕೈಗೆ ಸಿಗದೆ ಉಳಿದದ್ದು

ತಡವಾದ ಪರೀಕ್ಷೆಯ ಅರ್ಥವೇನು ಎಂಬುದನ್ನು ಯಾವ ಉಪಕಲಮೂ ಬಗೆಹರಿಸಲಾರದು. ಕರಗುವ ಯುರೇನಿಯಂನ ಬಹುಪಾಲು ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಹೋಗಿಬಿಡುತ್ತದೆ. ವರ್ಷಗಳ ಮೇಲೆ ಕಾಣುವುದು ಶ್ವಾಸಕೋಶದಿಂದ, ಮೂಳೆಯಿಂದ ನಿಧಾನವಾಗಿ ಬಿಟ್ಟುಕೊಡುವ ಪಾಲು ಮಾತ್ರ. ಬ್ರಿಟನ್ 2001ರಲ್ಲಿ ಇದಕ್ಕಾಗಿ ಒಂದು ಸ್ವತಂತ್ರ ಮೇಲ್ವಿಚಾರಣಾ ಮಂಡಳಿ ಮಾಡಿ, ಅದರಲ್ಲಿ ಮಾಜಿ ಸೈನಿಕರ ಪ್ರತಿನಿಧಿಗಳನ್ನೂ ಕೂರಿಸಿ, ಅತ್ಯಂತ ಸೂಕ್ಷ್ಮ ವಿಧಾನದಲ್ಲಿ ನಾನೂರಕ್ಕೂ ಹೆಚ್ಚು ಮಂದಿಯ ಮೂತ್ರ ಪರೀಕ್ಷಿಸಿತು. ಯಾರಲ್ಲೂ ಡಿಯು ಸಿಗಲಿಲ್ಲ. ವಿಧಾನ ಒಪ್ಪಿಕೊಳ್ಳುವಾಗಲೇ ಸೈನಿಕರ ಕಡೆಯವರು ಮೇಜಿನ ಸುತ್ತ ಇದ್ದರೆಂಬುದು ಆ ಫಲಿತಾಂಶಕ್ಕೆ ಬಲ ಕೊಟ್ಟಿತು. ಅಮೆರಿಕದ ರಾಜ್ಯ ಕಾನೂನುಗಳಲ್ಲಿ ಇಂಥ ಏರ್ಪಾಡು ಇರಲಿಲ್ಲ.

ಅಮೆರಿಕದ ಸಂಸತ್ತಿನಲ್ಲಿ ವಾಷಿಂಗ್ಟನ್ ರಾಜ್ಯದ ಪ್ರತಿನಿಧಿ ಜಿಮ್ ಮೆಕ್‌ಡರ್ಮಟ್ ಡಿಯು ಅಧ್ಯಯನದ ಮಸೂದೆಯನ್ನು ಒಂದಕ್ಕಿಂತ ಹೆಚ್ಚು ಸಲ ತಂದಿದ್ದರು. ವೃತ್ತಿಯಲ್ಲಿ ಅವರು ವೈದ್ಯರು. ಸ್ವತಂತ್ರ ಮಸೂದೆಯಾಗಿ ಅದು ನಡೆಯಲಿಲ್ಲ. 2006ರಲ್ಲಿ ರಕ್ಷಣಾ ಖರ್ಚಿಗೆ ಒಪ್ಪಿಗೆ ಕೊಡುವ ಕಾಯ್ದೆಗೆ ತಿದ್ದುಪಡಿಯಾಗಿ ಸೇರಿಸಿದಾಗ ಅಧ್ಯಯನದ ಆದೇಶ ಕಾನೂನಾಯಿತು. 2008ರಲ್ಲಿ ರಾಷ್ಟ್ರೀಯ ಅಕಾಡೆಮಿಗಳ ತಜ್ಞ ಸಮಿತಿ, ಕೈಯಲ್ಲಿರುವ ಮಾಹಿತಿಯಿಂದ ಸೈನಿಕರ ಆರೋಗ್ಯದ ಮೇಲೆ ಡಿಯು ಪರಿಣಾಮವನ್ನು ಸಮಗ್ರವಾಗಿ ಅಳೆಯುವ ಅಧ್ಯಯನ ಕಟ್ಟುವುದು ಕಷ್ಟ ಎಂದಿತು. ಯಾರು ಎಷ್ಟು ಧೂಳಿಗೆ ಒಡ್ಡಿಕೊಂಡರೆಂಬ ದಾಖಲೆಯ ಕೊರತೆ ಅದಕ್ಕೊಂದು ದೊಡ್ಡ ಕಾರಣ. ಹೆದ್ದಾರಿಯ ಬದಿಯ ಆ ಖಾಲಿ ಕಾಲಂಗಳು ಅಲ್ಲಿಗೂ ಬಂದು ಅಡ್ಡ ನಿಂತಿದ್ದವು.

ಮಣ್ಣು ನೀರಿನ ವಿಷಯಕ್ಕೆ ರಾಜ್ಯದ ಕಾನೂನು ಕೈಹಾಕಲೇ ಇಲ್ಲ, ಹಾಕುವಂತೆಯೂ ಇರಲಿಲ್ಲ. ಗುಂಡು ಬಿದ್ದದ್ದು ಬೇರೆ ದೇಶದಲ್ಲಿ. ಅಲ್ಲಿನ ಪಾಡಿಗೆ ಬಾಲ್ಕನ್ ಪ್ರದೇಶದ ಉದಾಹರಣೆ ಇದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ತಂಡ 2002ರಲ್ಲಿ ಬೋಸ್ನಿಯಾಕ್ಕೆ ಹೋದಾಗ, ಏಳು ವರ್ಷ ಮಣ್ಣಿನಲ್ಲಿದ್ದ ಡಿಯು ಮೊನೆಗಳು ತುಕ್ಕು ಹಿಡಿದು ಕಾಲುಭಾಗದಷ್ಟು ತೂಕ ಕಳೆದುಕೊಂಡಿದ್ದವು. 25ರಿಂದ 35 ವರ್ಷಕ್ಕೆ ಪೂರ್ತಿ ಕರಗುವ ಅಂದಾಜು. ಒಂದು ಕಡೆ ಕುಡಿಯುವ ನೀರಿನಲ್ಲೂ ಡಿಯು ಸಿಕ್ಕಿತು, ಬಹಳ ಕಡಿಮೆ ಪ್ರಮಾಣದಲ್ಲಿ. ಗುಂಡು ಬಿದ್ದ ಜಾಗ ಎಲ್ಲಿ ಎಂದು ಹಾರಿಸಿದವರು ಹೇಳದ ಹೊರತು ಯಾವ ಬಾವಿ ಪರೀಕ್ಷಿಸಬೇಕೆಂದೇ ತಿಳಿಯದು. ಕೇಳಿದ ದೇಶಕ್ಕೆ ಜಾಗ ಮತ್ತು ಪ್ರಮಾಣದ ವಿವರ ಕೊಡಿ ಎಂಬ 2010ರ ವಿಶ್ವಸಂಸ್ಥೆಯ ನಿರ್ಣಯಕ್ಕೆ 148 ದೇಶಗಳು ಹೌದೆಂದವು. ಅಮೆರಿಕ, ಬ್ರಿಟನ್, ಫ್ರಾನ್ಸ್, ಇಸ್ರೇಲ್ ಇಲ್ಲವೆಂದವು.

ಪುರಾವೆಯ ಹೊರೆಯನ್ನೇ ಕೆಳಗಿಳಿಸಿದ ದೇಶ ಬೆಲ್ಜಿಯಂ. 2007ರ ಮಾರ್ಚ್ 22ರಂದು ಅಲ್ಲಿನ ಕೆಳಮನೆ ಒಮ್ಮತದಿಂದ ನಿಷೇಧ ಅಂಗೀಕರಿಸಿತು. ಹೊಸ ಕಾಯ್ದೆ ಬರೆಯದೆ ಇದ್ದ ಶಸ್ತ್ರಾಸ್ತ್ರ ಕಾಯ್ದೆಗೇ ತಿದ್ದುಪಡಿ ಹಾಕಿ, ಡಿಯು ಗುಂಡುಗಳನ್ನೂ ಕವಚವನ್ನೂ ನಿಷೇಧಿತ ಪಟ್ಟಿಗೆ ಸೇರಿಸಿದರು. 'ಡಿಪ್ಲೀಟೆಡ್' ಎಂಬ ಒಂದೇ ಪದಕ್ಕೆ ನಿಲ್ಲದೆ ಕಾರ್ಖಾನೆಯಲ್ಲಿ ತಯಾರಾದ ಬೇರೆ ಯಾವುದೇ ಯುರೇನಿಯಂ ಎಂದೂ ಬರೆದರು. ಇಲ್ಲದಿದ್ದರೆ ಅನುಪಾತವನ್ನು ಕೊಂಚ ಬದಲಿಸಿ ನುಣುಚಿಕೊಳ್ಳಬಹುದಿತ್ತು. ಜಾರಿಗೆ ಎರಡು ವರ್ಷದ ಗಡುವಿಟ್ಟರು, 2009ರ ಜೂನ್‌ನಲ್ಲಿ ಜಾರಿಯಾಯಿತು. 2011ರಲ್ಲಿ ಕೋಸ್ಟ ರಿಕ ಅದೇ ದಾರಿ ಹಿಡಿಯಿತು. ಹಾನಿ ಸಾಬೀತಾಗಲಿ ಆಮೇಲೆ ನೋಡೋಣ ಎಂದು ಇವರು ಕಾಯಲಿಲ್ಲ. ಹಾಗೆಂದು ಆ ಹಾದಿ ಅಮೆರಿಕದ ಆ ರಾಜ್ಯಕ್ಕೆ ತೆರೆದಿತ್ತು ಎನ್ನುವಂತಿಲ್ಲ. ಶಸ್ತ್ರ ನಿಷೇಧಿಸುವ ಅಧಿಕಾರವೇ ಅದಕ್ಕಿಲ್ಲ.

ಮೆಕ್ಯಾನಿಕ್‌ನ ಕಡತ

ಮಸೂದೆ ಜೂನ್‌ನಲ್ಲಿ ಅಂಗೀಕಾರವಾಯಿತು. ಮೆಕ್ಯಾನಿಕ್‌ನ ಕಡತದಲ್ಲಿ ಕೊನೆಯದಾಗಿ ಇರುವ ಕಾಗದಗಳು ಡಿಯುಗೆ ಸಂಬಂಧಿಸಿದವಲ್ಲ. ಅಡುಗೆಮನೆಯ ಸಿಂಕಿನ ಕೆಳಗೆ ರಿವರ್ಸ್ ಆಸ್ಮೋಸಿಸ್ ಫಿಲ್ಟರ್ ಕೂರಿಸಿದ ಬಿಲ್ಲು, ಆರು ತಿಂಗಳ ಮೇಲೆ ಮಾಡಿಸಿದ ಮೂತ್ರ ಪರೀಕ್ಷೆಯ ಹಾಳೆ: 0.03. ಕುಡಿಯುವ ನೀರಿನಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೊಗ್ರಾಂ ಮೀರಬಾರದೆಂಬ ಒಕ್ಕೂಟದ ನಿಯಮ 2003ರ ಡಿಸೆಂಬರಿನಲ್ಲೇ ಜಾರಿಗೆ ಬಂದಿತ್ತು. ಆ ನಿಯಮ ಸಾರ್ವಜನಿಕ ನೀರು ಸರಬರಾಜಿಗೆ ಮಾತ್ರ. ಸ್ವಂತ ಕೊಳವೆಬಾವಿಗೆ ಅದು ಅನ್ವಯಿಸುವುದಿಲ್ಲ.